ಎಲೆ ಇದ್ದವನ ಮಾತು

ಕೇರಳದುದ್ದಕ್ಕೂ ಆಡುವ ‘ಇಪ್ಪತ್ತೆಂಟು’ ಗಡಿನಾಡಿನ ಬದಿಯಡ್ಕಕ್ಕೂ ಹೊಸತಲ್ಲ. ಈ ಇಸ್ಪೀಟಾಟದಲ್ಲಿ ಗುಲಾಮನೇ ದೊಡ್ಡವನು, ಮೂರು ಅಂಕ; ಒಂಬತ್ತಕ್ಕೆ ಎರಡು; ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಎಂಟು ಎಲೆಗಳಲ್ಲಿ ನಾಲ್ಕು ಕೈಗೆ ಬಂದ ಕೂಡಲೇ ಇಷ್ಟು ಅಂಕ ತರುತ್ತೇನೆಂದು ಕರೆಯಬೇಕು. ಹದಿನಾರು ಕರೆದು ಇಪ್ಪತ್ತೈದು ತಂದರೂ ಗೆಲುವು ಹದಿನಾರರದ್ದೇ.

ಕಾಂಟ್ರ್ಯಾಕ್ಟ್ ಬ್ರಿಜ್ ಇನ್ನೂ ನಿಷ್ಠುರ. ಹಳೆಯ ಆಕ್ಷನ್ ಬ್ರಿಜ್‌ನಲ್ಲಿ ಕರೆದದ್ದಕ್ಕಿಂತ ಹೆಚ್ಚು ಗೆದ್ದರೂ ಅದು ಗೇಮಿನ ಲೆಕ್ಕಕ್ಕೆ ಸೇರುತ್ತಿತ್ತು. 1925ರಲ್ಲಿ ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಲೆಕ್ಕವನ್ನೇ ಬದಲಿಸಿದ: ಹೇಳಿದ್ದಕ್ಕೆ ಮಾತ್ರ ಗೇಮು, ಹನ್ನೆರಡೋ ಹದಿಮೂರೋ ಸುತ್ತಿನ ಸ್ಲ್ಯಾಮು. ‘ವಲ್ನರಬಲ್’ ಅಲ್ಲದ, ಅಂದರೆ ಬಹುಮಾನ, ದಂಡ ಎರಡೂ ಕಡಿಮೆ ಇರುವ ಜೋಡಿ ನಾಲ್ಕು ಇಸ್ಪೀಟು (ಹತ್ತು ಸುತ್ತು) ಕರೆದು ಹನ್ನೆರಡು ಸುತ್ತು ಗೆದ್ದರೆ 480. ಅದೇ ಎಲೆ, ಅದೇ ಹನ್ನೆರಡು ಸುತ್ತು, ಆದರೆ ಕರೆ ಆರು ಇಸ್ಪೀಟು ಎಂದಾಗಿದ್ದರೆ 980. ಆಸೆಪಟ್ಟು ಏಳು ಕರೆದು ಒಂದೇ ಸುತ್ತು ತಪ್ಪಿತೋ, ಬರುವುದು ಋಣ 50. ಹೀಗಾಗಿ ಬಲವಾದ ಕೈ ಬಂದವನಿಗೇ ಚಿಂತೆ ಜಾಸ್ತಿ. ದೊಡ್ಡ ಎಲೆಗಳ ಬಲ ಅಳೆಯುವ ಒಟ್ಟು 40 ಅಂಕಗಳಲ್ಲಿ 22ಕ್ಕೂ ಮೇಲ್ಪಟ್ಟು ಒಬ್ಬನ ಕೈಗೇ ಬಂದರೆ ಬಹುಪಾಲು ಆಟಗಾರರು ‘ಎರಡು ಕಳಾವರ್’ ಎನ್ನುತ್ತಾರೆ. ಅದಕ್ಕೂ ಕಳಾವರ್ ಎಲೆಗಳಿಗೂ ಸಂಬಂಧವಿಲ್ಲ. ನನ್ನಲ್ಲಿ ಬಲವಿದೆ, ನೀನು ಮಾತು ನಿಲ್ಲಿಸಬೇಡ ಎಂದು ಎದುರು ಕೂತ ಜೊತೆಗಾರನಿಗೆ ಕೊಡುವ ಸೂಚನೆ ಅದು.

ಶಕ್ತಿ ಇದ್ದವನು ಅದನ್ನು ಮೊದಲೇ ಹೇಳಿಕೊಳ್ಳಬೇಕೆ? ನಮ್ಮ ಧರ್ಮಚಿಂತನೆಯಲ್ಲಿ ಇದಕ್ಕೆ ಒಂದೇ ಉತ್ತರವಿಲ್ಲ. ಪೂಜೆಗೆ ಕೂತವನು ದೇಶ, ಕಾಲ, ಗೋತ್ರ, ಉದ್ದೇಶ ಎಲ್ಲವನ್ನೂ ಹೇಳಿ ಸಂಕಲ್ಪ ಮಾಡದೆ ಹೂ ಎತ್ತುವಂತಿಲ್ಲ. ಗೀತೆಯ ಆರನೆಯ ಅಧ್ಯಾಯವಾದರೋ ಸಂಕಲ್ಪ ಬಿಡದವನು ಯೋಗಿಯಾಗಲಾರ ಎನ್ನುತ್ತದೆ. ಪಂಡಿತರು ಎರಡನ್ನೂ ಹೊಂದಿಸುತ್ತಾರೆ, ಅದು ಅವರ ಕಸುಬು. ಆದರೆ ಈ ತೊಡಕು ಜೀವಂತವಾಗಿ ಕಾಣುವುದು ವಿರಾಟಪರ್ವದಲ್ಲಿ.

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ, ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ತಾಳಮದ್ದಳೆಯ ಅರ್ಥ ಕೇಳಿ ಬೆಳೆದ ಊರುಗಳಲ್ಲಿ ಆ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಯಲ್ಲಿ ಏನೂ ಇಲ್ಲದ ಉತ್ತರಕುಮಾರ ಹೆಂಗಸರ ಮುಂದೆ ದೊಡ್ಡ ಕರೆ ಕರೆಯುತ್ತಾನೆ. ಎಲ್ಲ ಇರುವ ಬೃಹನ್ನಳೆ, ವೇಷ ಮರೆಸಿಕೊಂಡ ಅರ್ಜುನ, ಬಾಯಿಬಿಡುವುದಿಲ್ಲ. ಅಜ್ಞಾತವಾಸದ ಷರತ್ತು ಅಂಥದ್ದು. ಆದರೆ ಆ ಮೌನ ಕೊನೆತನಕ ಉಳಿದಿದ್ದರೆ ಕೌರವರು ಹಿಡಿದ ವಿರಾಟನ ಗೋವುಗಳು ಹಸ್ತಿನಾವತಿಗೆ ಹೋಗುತ್ತಿದ್ದವು. ಬನ್ನಿಮರದ ಬಳಿ ಅರ್ಜುನ ತನ್ನ ಹತ್ತು ಹೆಸರುಗಳನ್ನು ಹೇಳುತ್ತಾನೆ. ಕೇಳುವವರು ಕೌರವರಲ್ಲ, ನಡುಗುತ್ತಿರುವ ಉತ್ತರ. ಯಾರಿಗೆ ಹೇಳಿದ ಎಂಬುದರಲ್ಲೇ ಜಂಬಕ್ಕೂ ಕರೆಗೂ ಇರುವ ವ್ಯತ್ಯಾಸವಿದೆ. ಜೊತೆಗಾರನಿಗೆ ತಿಳಿಯದ ಬಲದಿಂದ ರಥ ಮುಂದೆ ಹೋಗದು.

ಯುದ್ಧ ಮುಗಿದ ಮೇಲೆ ಅರ್ಜುನ ಇನ್ನೊಂದು ಮಾತು ಹೇಳುತ್ತಾನೆ: ಗೆದ್ದವನು ನೀನೇ ಎಂದು ಅಪ್ಪನಿಗೆ ತಿಳಿಸು. ಕರೆ ತನ್ನದು, ಫಲ ಬೇರೆಯವರದ್ದು. ಗೀತೆಗೂ ಸಂಕಲ್ಪಕ್ಕೂ ಇಷ್ಟು ಹತ್ತಿರದ ಭೇಟಿ ಬೇರೆಡೆ ಸಿಗುವುದು ಕಷ್ಟ. ಅತ್ತ ಅರಮನೆಯಲ್ಲಿ ಪಗಡೆಗೆ ಕೂತಿದ್ದ ವಿರಾಟ ಮಗನ ಗೆಲುವನ್ನು ಹೊಗಳುತ್ತಿದ್ದ. ಸಾರಥಿ ಬೃಹನ್ನಳೆಯಾದ ಮೇಲೆ ಗೆಲ್ಲದಿರುವುದುಂಟೆ ಎಂದ ಕಂಕಭಟ್ಟನ, ಅಂದರೆ ವೇಷದಲ್ಲಿದ್ದ ಧರ್ಮರಾಯನ, ಮುಖಕ್ಕೆ ಕೈಯಲ್ಲಿದ್ದ ದಾಳವನ್ನೇ ಎಸೆದ.