ಅಮೆರಿಕಕ್ಕೆ ಹೋದ ಗೊರೂರು

ಹಾಸನದಿಂದ ಅರಕಲಗೂಡಿಗೆ ಹೊರಟವರಿಗೆ ದಾರಿಯಲ್ಲಿ ಗೊರೂರು ಸಿಗುತ್ತದೆ. ಮಳೆಗಾಲದಲ್ಲಿ ಆ ಊರಿನ ಹೆಸರೆತ್ತಿದರೆ ಜನ ಮೊದಲು ಕೇಳುವುದು ಅಲ್ಲಿನ ಹೇಮಾವತಿ ನದಿಯ ಕಟ್ಟೆ ತುಂಬಿತೇ ಎಂದು. ಹೇಮಾವತಿ ನಾಲೆಗಳಲ್ಲಿ ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಗೆ ಹರಿಯುವುದಕ್ಕೆ ಎಷ್ಟೋ ಮೊದಲೇ ಗೊರೂರನ್ನು ಕನ್ನಡನಾಡಿಗೆಲ್ಲ ಹರಿಸಿದವರು ಲೇಖಕ ಗೊರೂರು ರಾಮಸ್ವಾಮಿ ಅಯ್ಯಂಗಾರ್.

1904ರಲ್ಲಿ ಹುಟ್ಟಿದವರು. ಗಾಂಧೀಜಿಯ ಕರೆಗೆ ಶಾಲೆ ಬಿಟ್ಟರು, ಗುಜರಾತ್ ವಿದ್ಯಾಪೀಠದಲ್ಲಿ ಓದಿದರು, ಖಾದಿ ಕೆಲಸ ಮಾಡಿದರು, 1942ರ ಚಳವಳಿಯಲ್ಲಿ ಜೈಲು ಕಂಡರು. ಇಂಥವರು ಬರೆಯಲು ಕೂತರೆ ಉಪದೇಶ ಉಕ್ಕಬೇಕು. ಗೊರೂರರಲ್ಲಿ ಉಕ್ಕಿದ್ದು ನಗು. ಅದೂ ಹಳ್ಳಿಯವರನ್ನು ಆಡಿಕೊಳ್ಳುವ ಪೇಟೆಯವನ ನಗುವಲ್ಲ, ಅದೇ ಜಗಲಿಯಲ್ಲಿ ಕೂತವನದು. ಊರಿನ ಜಗಳ, ಜಿಪುಣತನ, ಮಡಿ, ಹರಟೆ ಎಲ್ಲವನ್ನೂ ಕಂಡವರು, ಯಾರನ್ನೂ ಕೀಳು ಮಾಡದವರು. ಅವರ ಹೆಸರು ಗೊತ್ತಿಲ್ಲದವರೂ 1974ರ ‘ಭೂತಯ್ಯನ ಮಗ ಅಯ್ಯು’ ಸಿನಿಮಾ ನೋಡಿರುತ್ತಾರೆ. ಅದರ ಕಥೆ ಅವರದೇ.

ಎಪ್ಪತ್ತು ದಾಟಿದ ಮೇಲೆ ಅವರು ಅಮೆರಿಕ ನೋಡಿ ಬಂದು ‘ಅಮೆರಿಕದಲ್ಲಿ ಗೊರೂರು’ ಬರೆದರು. ಆ ಹೆಸರಿನ ಚೇಷ್ಟೆ ನೋಡಿ: ಅಲ್ಲಿಗೆ ಹೋದದ್ದು ಮನುಷ್ಯನೋ, ಊರೋ? ನನಗಂತೂ ಊರೇ ಹೋಯಿತೆನಿಸುತ್ತದೆ.

ಹೋಗದೆಯೇ ಅಮೆರಿಕದ ಬಗ್ಗೆ ಬರೆದ ಇನ್ನೊಬ್ಬ ಇಲ್ಲಿ ನೆನಪಾಗುತ್ತಾನೆ. ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ಹೊಸೆ ಎನ್ರಿಕೆ ರೊಡೊ ಎಂಬ ಪ್ರಬಂಧಕಾರನಿದ್ದ. 1900ರಲ್ಲಿ ‘ಅರಿಯೆಲ್’ ಎಂಬ ಪುಟ್ಟ ಪುಸ್ತಕ ಬರೆದ. ಅದರಲ್ಲಿ ಒಬ್ಬ ಮುದಿ ಮೇಷ್ಟ್ರು ಶಿಷ್ಯರನ್ನು ಬೀಳ್ಕೊಡುತ್ತ, ಲಾಭವೊಂದನ್ನೇ ಅಳೆಯುವ ಅಮೆರಿಕ ಸಂಯುಕ್ತ ಸಂಸ್ಥಾನವನ್ನು ಕುರುಡಾಗಿ ಅನುಕರಿಸಬೇಡಿ ಎನ್ನುತ್ತಾನೆ. ಸ್ಪ್ಯಾನಿಷ್ ಆಡುವ ದೇಶಗಳ ತರುಣರೆಲ್ಲ ಅದನ್ನು ಓದಿದರು. ರೊಡೊ ಮಾತ್ರ ಆ ದೇಶವನ್ನು ಎಂದೂ ಕಂಡವನಲ್ಲ. 1917ರಲ್ಲಿ, ಐವತ್ತೂ ತುಂಬದೆ, ಇಟಲಿಯಲ್ಲಿ ತೀರಿಕೊಂಡ.

ರೊಡೊನ ಎಚ್ಚರಿಕೆ ಇಂದಿಗೂ ಹಳತಾಗಿಲ್ಲ, ಒಪ್ಪುತ್ತೇನೆ. ಆದರೆ ದೂರದಿಂದ ನೋಡಿದರೆ ಒಂದು ದೇಶ ಬರೀ ಸಿದ್ಧಾಂತವಾಗಿಬಿಡುತ್ತದೆ. ಗಾಂಧಿಯ ಅನುಯಾಯಿಗೆ ಭೋಗದ ನಾಡನ್ನು ಬೈಯಲು ರೊಡೊಗಿಂತ ಹೆಚ್ಚು ಕಾರಣಗಳಿದ್ದವು. ಗೊರೂರರು ಮೊದಲು ಹೋಗಿ ನೋಡಿದರು, ಕುತೂಹಲಪಟ್ಟರು; ಆಮೇಲೆ ಬರೆದರು. ಪ್ರಬಂಧಕಾರನಿಗೆ ಬೇಕಾದದ್ದು ಈ ಕ್ರಮವೇ.

1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೇ ಬಂತು. ಆದರೂ ಗೊರೂರರನ್ನು ಹೊಸದಾಗಿ ಓದುವವರು ಇದರಿಂದ ಶುರು ಮಾಡಬೇಡಿ. ಮೊದಲು ‘ಹಳ್ಳಿಯ ಚಿತ್ರಗಳು’, ಆಮೇಲೆ ‘ನಮ್ಮ ಊರಿನ ರಸಿಕರು’ ಓದಿ. ವಿಮಾನ ಹತ್ತುವುದು ಅನಂತರವಾಗಲಿ.