ಎಲ್ಲವೂ ಕರ್ಮವಲ್ಲ

 

ಭಗವಾನ್ ಬುದ್ಧರು ರಾಜಗೃಹದ ವೇಳುವನದಲ್ಲಿದ್ದಾಗ ಮೋಳಿಯ ಸೀವಕ ಎಂಬ ಪರಿವ್ರಾಜಕ ಬಂದು ಒಂದು ಪ್ರಶ್ನೆ ಕೇಳಿದ. ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ ಕರ್ಮದಿಂದಲೇ ಬರುತ್ತದೆ ಎಂದು ಕೆಲವರು ಹೇಳುತ್ತಾರಲ್ಲ, ತಾವೇನು ಹೇಳುತ್ತೀರಿ ಎಂದು. ಭಗವಾನರು ಎಂಟು ಕಾರಣಗಳನ್ನು ಎಣಿಸಿದರು. ಪಿತ್ತ, ಕಫ, ವಾತ, ಈ ಮೂರೂ ಕೂಡುವುದು, ಋತುವಿನ ಬದಲಾವಣೆ, ದೇಹವನ್ನು ಏರುಪೇರಾಗಿ ನಡೆಸಿಕೊಳ್ಳುವುದು, ಹೊರಗಿನಿಂದ ಬಿದ್ದ ಪೆಟ್ಟು, ಕೊನೆಯದಾಗಿ ಕರ್ಮದ ಫಲ. ಎಂಟರಲ್ಲಿ ಕರ್ಮ ಒಂದು ಮಾತ್ರ. ಎಲ್ಲವನ್ನೂ ಅದರ ತಲೆಗೇ ಕಟ್ಟುವವರು, ನಾವೇ ಕಂಡು ತಿಳಿಯಬಹುದಾದದ್ದನ್ನೂ ಲೋಕ ಒಪ್ಪಿರುವುದನ್ನೂ ಮೀರಿ ಮಾತಾಡುತ್ತಾರೆ ಎಂದರು. ಸಂಯುತ್ತನಿಕಾಯದ ಈ ಸುತ್ತ ನನಗೆ ಹತ್ತಿರವಾದದ್ದು ನನ್ನ ಅವ್ವನ ಕಾಯಿಲೆಯಲ್ಲಿ.

ಅವ್ವನಿಗೆ 72 ವರ್ಷ. ಪಾಂಡವಪುರ ತಾಲ್ಲೂಕಿನ ನಮ್ಮೂರಲ್ಲಿದ್ದಾಳೆ. ನಾಡಿಬಡಿತ ತೀರಾ ನಿಧಾನವಾಗಿ ಎರಡು ಸಲ ಬಿದ್ದದ್ದರಿಂದ ಪೇಸ್‌ಮೇಕರ್ ಹಾಕಿಸಿದೆವು. ಗಾಯ ಮಾಯಿತು, ಬೀಳುವುದು ನಿಂತಿತು. ಎರಡು ತಿಂಗಳಾದ ಮೇಲೆ ಹೊಸ ತೊಂದರೆಗಳು ಶುರುವಾದವು. ಇಸಿಜಿ ಸರಿಯಿದೆ, ಬ್ಯಾಟರಿ ಸರಿಯಿದೆ, ರಕ್ತ ಪರೀಕ್ಷೆಯೂ ಸರಿಯಿದೆ, ವಯಸ್ಸಾಗಿದೆ ಅಷ್ಟೇ ಎಂಬ ಉತ್ತರ ಬಂತು. ನೋಡಲು ಬಂದ ನೆಂಟರದು ಇನ್ನೊಂದು ಉತ್ತರ: ‘ಪಡ್ಕೊಂಡ್ ಬಂದಿದ್ದು, ಅನುಭವಿಸ್ಬೇಕು.’ ಅವ್ವ ಅದನ್ನೇ ಮನಸ್ಸಿಗೆ ಹಾಕಿಕೊಂಡು ಒಂದು ರಾತ್ರಿ ಕೇಳಿದಳು: ‘ನಾನ್ ಯಾರ್ಗೇನ್ ಮಾಡಿದ್ದೆ ಮಗ?’

ಭಗವಾನರು ಹೇಳಿದ ಎರಡನೆಯ ಬಾಣ ಇದೇ. ಮೈಯ ನೋವು ಮೊದಲನೆಯ ಬಾಣ. ನಾನೇ ತಪ್ಪಿತಸ್ಥೆ ಎಂಬ ಕೊರಗು ಎರಡನೆಯದು. ಅದನ್ನು ಚುಚ್ಚುವುದು ಸುತ್ತ ಕೂತವರ ಮಾತು. ‘ನೀನೇನೂ ಮಾಡಿಲ್ಲ ಕಣವ್ವ, ಕಾರಣ ಇನ್ನೂ ಸಿಕ್ಕಿಲ್ಲ ಅಷ್ಟೆ’ ಎಂದೆ. ಕರ್ಮವೂ ಎಂಟರಲ್ಲಿ ಒಂದಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ ಕರ್ಮವಿಪಾಕ ನಮ್ಮ ಚಿಂತನೆಗೆ ನಿಲುಕದ್ದು ಎಂದು ಭಗವಾನರೇ ಹೇಳಿದ್ದಾರೆ. ಉಳಿದ ಏಳನ್ನು ಹುಡುಕಲು ನಮಗೆ ಕಣ್ಣಿದೆ, ಕಿವಿಯಿದೆ.

ಅತಿಸಾರದಿಂದ ನರಳುತ್ತಾ ಯಾರೂ ನೋಡುವವರಿಲ್ಲದೆ ಬಿದ್ದಿದ್ದ ಭಿಕ್ಷುವನ್ನು ಭಗವಾನರು ಆನಂದರ ಜೊತೆ ಸೇರಿ ತಾವೇ ತೊಳೆದು ಮಲಗಿಸಿದ ಪ್ರಸಂಗ ವಿನಯಪಿಟಕದಲ್ಲಿದೆ. ಆರೈಕೆಗೆ ಸುಲಭನಾದ ರೋಗಿಯ ಐದು ಗುಣಗಳನ್ನೂ ಅಲ್ಲೇ ಹೇಳಿದೆ. ಅದರಲ್ಲಿ ಒಂದು, ನೋವು ಏರಿದೆಯೋ ಇಳಿದಿದೆಯೋ ಹಾಗೇ ಇದೆಯೋ, ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ನಮ್ಮ ಹಿರಿಯರಿಗೆ ಇದೇ ಕಷ್ಟ. ಮಕ್ಕಳಿಗೆ ಖರ್ಚು ಎಂದು ನುಂಗಿಕೊಳ್ಳುತ್ತಾರೆ. ಡಾಕ್ಟರ ಮುಂದೆ ಕೂತರೆ ‘ಸುಸ್ತು’ ಎಂಬ ಒಂದೇ ಪದ.

ಮನೆಯಲ್ಲಿ ಅವ್ವನ ಬಾಯಲ್ಲಿ ಬರುತ್ತಿದ್ದದ್ದು ಮೂರು ಮಾತು. ಎದ್ದು ನಿಂತಾಗ ‘ಕಣ್ಣು ಕತ್ಲೆ ಬತ್ತದೆ’. ನಾಲ್ಕು ಹೆಜ್ಜೆ ನಡೆದರೆ ‘ಮೇಲುಸ್ರು’. ಸುಮ್ಮನೆ ಕೂತಾಗ ‘ಕತ್ತಿನ ನರ ಪಟಪಟ ಅಂತದೆ’. ಕನ್ನಡ ಪಾಠ ಮಾಡುವ ನನಗೆ ಈ ಮೂರಕ್ಕೂ ಒಂದೇ ಅರ್ಥವಲ್ಲ ಎಂದು ಗೊತ್ತಾಯಿತು. ಒಂದು ನೋಟ್‌ಬುಕ್ಕಿನಲ್ಲಿ 12 ದಿನ ಅವಳ ಮಾತಿನಲ್ಲೇ ಬರೆದೆ. ಗಂಟೆ ಎಷ್ಟು, ಆಗ ಏನು ಮಾಡುತ್ತಿದ್ದಳು, ಯಾವ ಮಾತ್ರೆ ನುಂಗಿದ ಮೇಲೆ, ನಿಮಿಷಕ್ಕೆ ನಾಡಿ ಎಷ್ಟು. ವೇದನೆಯನ್ನು ವೇದನೆಯಾಗಿ ನೋಡಬೇಕು, ಅದರ ಮೇಲೆ ಕಥೆ ಕಟ್ಟಬಾರದು ಎಂದು ಸತಿಪಟ್ಠಾನದಲ್ಲಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬಂತು.

ಮುಂದಿನ ತಪಾಸಣೆಯಲ್ಲಿ ಡಾಕ್ಟರು ಆ ಪುಸ್ತಕ ಪೂರ್ತಿ ಓದಿದರು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ನಿಂತಾಗ ಇಳಿಯುತ್ತಿತ್ತು. ಬಿಪಿ ಮಾತ್ರೆ ಕಡಿಮೆ ಮಾಡಿದರು. ಹೃದಯದ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ಬಡಿತದ ಹೊಂದಿಕೆ ತಪ್ಪಿದರೆ ಕತ್ತಿನ ನರ ಹೀಗೆ ಬಡಿಯಬಹುದು ಎಂದು ತಿಳಿಸಿ, ಕೊಯ್ಯದೆ ಹೊರಗಿನಿಂದಲೇ ಪೇಸ್‌ಮೇಕರ್ ಸೆಟ್ಟಿಂಗ್ ಬದಲಿಸಿದರು. ಕಣ್ಣು ಕತ್ತಲೆ ಬರುವುದು ನಿಂತಿತು, ಕತ್ತಿನ ಬಡಿತ ತಗ್ಗಿತು. ಮೇಲುಸಿರು ಇನ್ನೂ ಇದೆ. ಅದರ ಕಾರಣ ಹುಡುಕುತ್ತಿದ್ದೇವೆ.

ಯಂತ್ರ ಕೂರಿಸಿದ ಮೇಲೆ ಎಲ್ಲ ಮುಗಿಯಿತು ಎಂದೇನಿಲ್ಲ. 1958ರ ಅಕ್ಟೋಬರ್‌ನಲ್ಲಿ ಸ್ವೀಡನ್ನಿನ ಅರ್ನೆ ಲಾರ್ಸನ್ ಅವರ ದೇಹದೊಳಗೆ ಪ್ರಪಂಚದ ಮೊದಲ ಪೇಸ್‌ಮೇಕರ್ ಇಟ್ಟಾಗ ಅದು ಕೆಲವೇ ಗಂಟೆಗಳಲ್ಲಿ ಕೆಟ್ಟುನಿಂತಿತು. 20ಕ್ಕೂ ಹೆಚ್ಚು ಸಲ ಬದಲಾಯಿಸಿಕೊಂಡು ಅವರು 2001ರವರೆಗೆ ಬದುಕಿದರು, 86 ವರ್ಷ. ಯಂತ್ರವೂ ಅನಿಚ್ಚ. ಬದಲಾಗುವಂಥದ್ದು ಎಂಬುದರಿಂದಲೇ ಸರಿಪಡಿಸಲೂ ಆಗುತ್ತದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ನಮ್ಮ ಬಳಗದ ಮನೆಗಳಲ್ಲೂ ಇಂಥ ಹಿರಿಯರಿರಬಹುದು. ಮೈಸೂರಿಗೋ ಮಂಡ್ಯಕ್ಕೋ ಬಿ.ಜಿ.ನಗರಕ್ಕೋ ತೋರಿಸಲು ಹೊರಡುವಾಗ ಪೇಸ್‌ಮೇಕರ್ ಕಾರ್ಡು, ಮಾತ್ರೆ ಚೀಟಿ, ಬರೆದಿಟ್ಟ ಪುಸ್ತಕ ಚೀಲದಲ್ಲಿರಲಿ. ಪ್ರಜ್ಞೆ ತಪ್ಪಿದರೆ, ಎದೆನೋವು ಬಂದರೆ ಬರೆಯುತ್ತ ಕೂರದೆ 108ಕ್ಕೆ ಕರೆ ಮಾಡಿ. ಗಾಯದ ಜಾಗ ಕೆಂಪಾಗಿ ಊದಿದರೆ, ಜ್ವರ ಬಂದರೆ ಅಂದೇ ತೋರಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಇಂದಿನ ಅಭ್ಯಾಸ ಇಷ್ಟೇ. ಮನೆಯ ಹಿರಿಯರ ಪಕ್ಕ ಹತ್ತು ನಿಮಿಷ ಕೂತು ‘ಹೆಂಗಾಯ್ತದೆ?’ ಎಂದು ಕೇಳಿ. ಅವರು ಹೇಳಿ ಮುಗಿಸುವವರೆಗೆ ನಡುವೆ ಮಾತಾಡಬೇಡಿ.

ನೋವಿನಲ್ಲಿರುವ ಎಲ್ಲ ಹಿರಿಯರಿಗೂ, ರಾತ್ರಿ ಎಚ್ಚರವಿದ್ದು ಅವರನ್ನು ನೋಡಿಕೊಳ್ಳುವವರಿಗೂ ನೆಮ್ಮದಿ ಸಿಗಲಿ.

ಸಾಧು, ಸಾಧು, ಸಾಧು.