ಕುಂಭಕರ್ಣನ ತಂಗಿ

ಹೆಂಗಸರಿಗೂ ಗೊರಕೆ ಇರುತ್ತದೆಂಬುದನ್ನು ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗಂಡಸರ ಗೊರಕೆಯಾದರೆ ನಗೆಗೆ ಒದಗುತ್ತದೆ. "ನಮ್ಮನೆಯವರು ಮಲಗಿದರೆಂದರೆ ಹಿಟ್ಟಿನ ಗಿರಣಿ ಶುರು" ಎಂದು ಸ್ಟಾಫ್ ರೂಮಿನಲ್ಲಿ ನಾವೇ ಎಷ್ಟು ಸಲ ಹೇಳಿಕೊಂಡು ನಕ್ಕಿಲ್ಲ! ನನ್ನ ಗೊರಕೆಯ ಸುದ್ದಿ ಮಾತ್ರ ನನಗೆ ತಿಳಿದದ್ದು ಐವತ್ತಾರನೆಯ ವಯಸ್ಸಿನಲ್ಲಿ, ಅದೂ ಮಗಳ ಮೊಬೈಲಿನಿಂದ.

ದೀಪಾವಳಿಗೆ ಬಂದಿದ್ದ ಮಗಳು ನನ್ನ ಪಕ್ಕದಲ್ಲಿ ಮಲಗಿದ್ದಳು. ಬೆಳಗ್ಗೆ ಕಾಫಿ ಕೊಡುವಾಗ ನೋಡುತ್ತೇನೆ, ಮುಖದಲ್ಲಿ ಹಬ್ಬದ ಕಳೆಯೇ ಇಲ್ಲ. "ಅಮ್ಮಾ, ಇದನ್ನೊಂದು ಕೇಳು" ಎಂದು ಮೊಬೈಲು ಹಿಡಿದಳು. ಮೊದಲು ಗರಗಸ ಎಳೆದಂಥ ಸದ್ದು. ಆಮೇಲೆ ಏನೂ ಇಲ್ಲ, ಗೋಡೆ ಗಡಿಯಾರದ ಟಿಕ್ ಟಿಕ್ ಮಾತ್ರ. ಮುಗಿಯಿತೆಂದುಕೊಂಡೆ. "ಇನ್ನೂ ಇದೆ, ತಾಳು" ಎಂದಳು. ಅಷ್ಟರಲ್ಲಿ ಬಾವಿಗೆ ಬಿದ್ದವರು ನೀರಿನಿಂದ ತಲೆಯೆತ್ತಿ ಉಸಿರೆಳೆದುಕೊಂಡ ಹಾಗೆ ಒಂದು ಸದ್ದು ಬಂತು. ಅದು ನನ್ನದು. "ಅಷ್ಟು ಹೊತ್ತು ನೀನು ಉಸಿರೇ ಆಡಲಿಲ್ಲಮ್ಮ. ರಾತ್ರಿಯೆಲ್ಲ ಹೀಗೇ" ಎಂದು ಅತ್ತುಬಿಟ್ಟಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಮ್ಮವರು ಸುಮ್ಮನಿದ್ದರು. ನಾಲ್ಕು ವರ್ಷದಿಂದ ಅವರು ಸೆಕೆಯೆಂದು ನಡುಮನೆಯಲ್ಲಿ ಮಲಗುತ್ತಿದ್ದರು. ಮಾಗಿಯ ಚಳಿಯಲ್ಲೂ ಅವರಿಗೆ ಸೆಕೆಯೇ. ಆವತ್ತು ಒತ್ತಾಯ ಮಾಡಿದ ಮೇಲೆ ಹೇಳಿದರು: "ಸದ್ದಿದ್ದರೆ ನಿದ್ದೆ ಬರ್ತಿರಲಿಲ್ಲ. ಸದ್ದು ನಿಂತರೆ ಹೆದರಿಕೆಯಾಗಿ ಎದ್ದು ಬಂದು ನೋಡಿ ಹೋಗ್ತಿದ್ದೆ. ಹೇಳಿದರೆ ನೀನು ಬೇಜಾರು ಮಾಡ್ಕೋತೀಯ ಅಂತ ಹೇಳಲಿಲ್ಲ." ಊರ್ಮಿಳೆ ಲಕ್ಷ್ಮಣನ ಪಾಲಿನ ನಿದ್ದೆಯನ್ನೂ ತಾನೇ ಮಲಗಿ ಕಳೆದಳೆಂದು ಜನಪದರು ಕಥೆ ಹೇಳುತ್ತಾರೆ. ನಾನೂ ಗಂಡನ ನಿದ್ದೆ ತೆಗೆದುಕೊಂಡೆ, ಆದರೆ ಅದರಿಂದ ಇಬ್ಬರಿಗೂ ಸುಖವಾಗಲಿಲ್ಲ.

ಹಗಲಿನ ನನ್ನ ಪಾಡು ಬೇರೆ. ಬೆಳಗ್ಗೆ ಎದ್ದರೆ ತಲೆಭಾರ, ರಾತ್ರಿ ಮೂರು ಸಲ ಮೂತ್ರಕ್ಕೆ ಏಳುವುದು, ಎರಡು ಬಗೆಯ ಮಾತ್ರೆ ನುಂಗಿದರೂ ಇಳಿಯದ ಬಿ.ಪಿ. ಊಟದ ನಂತರದ ಪೀರಿಯಡ್ಡಿನಲ್ಲಿ ಕುರ್ಚಿಗೆ ಕೂತರೆ ಕಣ್ಣು ಎಳೆಯುವುದೆಂದು ನಿಂತೇ ಪಾಠ ಮಾಡುತ್ತಿದ್ದೆ. ಮುಟ್ಟು ನಿಂತ ಮೇಲೆ ಇದೆಲ್ಲ ಇದ್ದದ್ದೇ ಎಂದರು ಕೆಲವರು. ಥೈರಾಯ್ಡ್ ಇರಬೇಕು, ರಕ್ತ ಕಡಿಮೆ ಇರಬೇಕು ಎಂದರು ಇನ್ನು ಕೆಲವರು. ಅವನ್ನೆಲ್ಲ ನೋಡಿಸಿದ್ದೂ ಆಯಿತು. ಒಳಗೊಳಗೆ ನನಗೆ ನಾನೇ ಇಟ್ಟುಕೊಂಡ ಹೆಸರು ಬೇರೆ ಇತ್ತು: ಸೋಮಾರಿ.

ಮಗಳ ಹಟಕ್ಕೆ ತಿಪಟೂರಿನಿಂದ ರೈಲು ಹತ್ತಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿ ಬಂದೆ. ತಲೆಗೆ, ಎದೆಗೆ, ಕಾಲಿಗೆ ವೈರು, ಬೆರಳಿಗೊಂದು ಕ್ಲಿಪ್ಪು. ವರದಿ ಬಂತು: ಸ್ಲೀಪ್ ಆಪ್ನಿಯಾ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಎದೆ ಎಳೆಯುತ್ತಿದ್ದರೂ ಗಾಳಿ ಒಳಗೆ ಹೋಗುವುದಿಲ್ಲ. ಆಗ ಮಿದುಳು ಗಾಬರಿಯಿಂದ ತಟ್ಟಿ ಎಬ್ಬಿಸುತ್ತದೆ, ಎದ್ದದ್ದು ನಮಗೆ ನೆನಪಿರುವುದಿಲ್ಲ. ಹೀಗೆ ಉಸಿರು ಪೂರ್ತಿ ನಿಲ್ಲುವುದು ಅಥವಾ ಬಹಳ ಕಡಿಮೆಯಾಗುವುದು ಗಂಟೆಗೆ ಐದಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ, 30 ದಾಟಿದರೆ ತೀವ್ರ ಎಂದು ಲೆಕ್ಕ. ನನ್ನದು 34. ರಾತ್ರಿಗೆ ಇನ್ನೂರು ಸಲಕ್ಕೂ ಹೆಚ್ಚು ಎದ್ದವಳು ಹಗಲು ತೂಕಡಿಸದೆ ಇನ್ನೇನು ಮಾಡಿಯಾಳು? ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ರೋಗದ ಸಂಭವ ಹೆಚ್ಚಂತೆ. ನಾವು ಗೊರಕೆಯ ಮಾತೆತ್ತದೆ ಸುಸ್ತು, ತಲೆನೋವು ಎಂದಷ್ಟೇ ಹೇಳಿಕೊಳ್ಳುವುದರಿಂದ ರೋಗ ಬೇರೆ ಹೆಸರುಗಳ ಹಿಂದೆ ಅಡಗಿ ಕೂರುತ್ತದೆ ಎಂದರು ಡಾಕ್ಟರು.

ನಿಜ ಹೇಳುತ್ತೇನೆ, ವರದಿ ಓದಿ ನನಗೆ ಭಯಕ್ಕಿಂತ ಹೆಚ್ಚಾಗಿ ಸಮಾಧಾನವಾಯಿತು. ನಾನು ಸೋಮಾರಿಯಲ್ಲ! ನಮ್ಮಲ್ಲಿ ನಿದ್ದೆ ಎಂದರೆ ಮೊದಲಿನಿಂದಲೂ ಗುಣದ ಮಾತು. ಗೀತೆಯ ಹದಿನಾಲ್ಕನೆಯ ಅಧ್ಯಾಯ ನಿದ್ರೆಯನ್ನೂ ಆಲಸ್ಯವನ್ನೂ ತಮೋಗುಣದ ಲೆಕ್ಕಕ್ಕೆ ಹಾಕುತ್ತದೆ. ಒಳ್ಳೆಯ ವಿದ್ಯಾರ್ಥಿಯ ಐದು ಲಕ್ಷಣಗಳಲ್ಲಿ ಶ್ವಾನನಿದ್ರೆಯೂ ಒಂದು. ಬಿ.ಎ. ಓದುವಾಗ ಡಿಕೆನ್ಸನ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಲ್ಲಿ ನಿಂತಲ್ಲೇ ನಿದ್ದೆ ಹೋಗುವ ದಡಿಯ ಹುಡುಗ ಜೋನನ್ನು ಕಂಡು ನಾನೂ ನಕ್ಕಿದ್ದೆ. ಆ ಕಾದಂಬರಿ ಬರತೊಡಗಿದ್ದು 1836ರಲ್ಲಿ. ಸ್ಥೂಲಕಾಯದವರಲ್ಲಿ ಕಾಣುವ ಅಂಥದೇ ಒಂದು ಉಸಿರಾಟದ ರೋಗಕ್ಕೆ ಅಮೆರಿಕದ ವೈದ್ಯರು ಆ ಕಾದಂಬರಿಯ ಹೆಸರಿಟ್ಟದ್ದು 1956ರಲ್ಲಿ. ನೂರಿಪ್ಪತ್ತು ವರ್ಷ ಜನ ನಕ್ಕದ್ದು ಒಬ್ಬ ರೋಗಿಯನ್ನು ನೋಡಿಯೇ ಏನೋ.

ಈ ಸಮಾಧಾನ ಎರಡು ದಿನ ಇತ್ತು. ಮೂರನೆಯ ದಿನ ಒಬ್ಬ ಹುಡುಗಿ ನೆನಪಾದಳು.

2001ನೇ ಇಸವಿ. ಒಂಬತ್ತನೇ ತರಗತಿ. ಕಿಟಕಿಯ ಪಕ್ಕದ ಬೆಂಚಿನ ಹುಡುಗಿ ದಿನಾ ತೂಕಡಿಸುತ್ತಿದ್ದಳು. ಗದರಿಸಿದೆ, ಮುಖ ತೊಳೆದು ಬಾ ಎಂದೆ, ಬೆಂಚಿನ ಮೇಲೆ ನಿಲ್ಲಿಸಿದೆ. ಒಂದು ದಿನ ಬೇಸತ್ತು, "ನೋಡಿ, ಕುಂಭಕರ್ಣನ ತಂಗಿ ಮತ್ತೆ ಮಲಗಿದಳು" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಕುಂಭಕರ್ಣನ ತಂಗಿ ಯಾರು ಎಂಬುದು ರಾಮಾಯಣ ಗೊತ್ತಿದ್ದ ಮಕ್ಕಳಿಗೆ ತಕ್ಷಣ ಹೊಳೆಯಿತು. ಸಂಜೆಯ ಹೊತ್ತಿಗೆ ಅವಳು ಶೂರ್ಪನಖಿಯಾಗಿದ್ದಳು.

ಅವಳ ತಾಯಿ ಬಸ್ ಸ್ಟ್ಯಾಂಡಿನ ಹತ್ತಿರ ಹೂ ಮಾರುತ್ತಿದ್ದರು. ನಾನು ಬೆಳಗ್ಗೆ ಶಾಲೆಗೆ ಹೋಗುವಾಗ ಕನಕಾಂಬರ ಕೊಳ್ಳುತ್ತಿದ್ದುದು ಅವರ ಬಳಿಯೇ. ಅಷ್ಟು ಹೂವನ್ನು ಬೆಳಕು ಹರಿಯುವುದರೊಳಗೆ ಕಟ್ಟುವವರು ಯಾರೆಂದು ನಾನು ಒಮ್ಮೆಯೂ ಯೋಚಿಸಲಿಲ್ಲ. ಅವಳು ಕಟ್ಟಿದ ಹೂ ಮುಡಿದುಕೊಂಡೇ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ.

ಅವಳಿಗೆ ನನ್ನ ರೋಗವಿರಲಿಲ್ಲ. ನಾಲ್ಕು ಗಂಟೆಗೇ ಏಳುವ ಬಡತನವಿತ್ತು, ಅಷ್ಟೆ. ನನ್ನ ತೂಕಡಿಕೆಗೆ ಆಸ್ಪತ್ರೆಯ ವರದಿ ಇದೆ, ಅದನ್ನು ತೋರಿಸಿದರೆ ಹೆಡ್ಮಾಸ್ತರರೂ "ಪಾಪ" ಎನ್ನುತ್ತಾರೆ. ಅವಳ ತೂಕಡಿಕೆಗೆ ಯಾವ ವರದಿ ಕೊಡುವವರಿದ್ದರು? ಕ್ಷಮೆಯನ್ನೂ ನಾವು ರಜಾಚೀಟಿಯ ಹಾಗೆ ಮಾಡಿಕೊಂಡಿದ್ದೇವೆ, ಕಾಗದ ತಂದವರಿಗೆ ಮಂಜೂರು. ಕುಂಭಕರ್ಣನ ಕಥೆಯನ್ನೇ ತೆಗೆದುಕೊಳ್ಳಿ. ಅವನು ಕೇಳಹೋದದ್ದು ಇಂದ್ರಾಸನ. ಸರಸ್ವತಿ ನಾಲಿಗೆ ಹೊರಳಿಸಿದ್ದರಿಂದ ನಿದ್ರಾಸನ ಎಂದುಬಿಟ್ಟ. ಕಥೆ ಹೇಳುವ ನಾವೇ ಅದನ್ನು ಮರೆತು ಅವನ ಹೆಸರನ್ನು ಬೈಗುಳ ಮಾಡಿದೆವು.

ಹಾಗಾದರೆ ಯಾರಿಗೂ ಯಾವುದರಲ್ಲೂ ಹೊಣೆಯೇ ಇಲ್ಲವೆ? ನನ್ನ ಎರಡನೆಯ ಪಾಠ ಈ ಪ್ರಶ್ನೆಗೆ ಉತ್ತರವಾಗಿ ಬಂತು. ಸಿಪ್ಯಾಪ್ ಎಂಬ ಯಂತ್ರ ಕೊಂಡದ್ದಾಯಿತು. ಹಳೆಯ ಟ್ರಾನ್ಸಿಸ್ಟರಿನಷ್ಟಿದೆ. ಅದು ನಮಗಾಗಿ ಉಸಿರಾಡುವುದಿಲ್ಲ. ಕೋಣೆಯ ಗಾಳಿಯನ್ನೇ ತುಸು ಒತ್ತಡದಿಂದ ಮೂಗಿಗೆ ಕಳಿಸಿ, ಗಾಳಿ ತುಂಬಿದ ಸೈಕಲ್ ಟ್ಯೂಬು ಚಪ್ಪಟೆಯಾಗದ ಹಾಗೆ ಗಂಟಲನ್ನು ತೆರೆದಿಡುತ್ತದೆ. ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಐದು ರೋಗಿಗಳ ಮೇಲೆ ಇದನ್ನು ಪ್ರಯೋಗಿಸಿ 1981ರಲ್ಲಿ ಪ್ರಕಟಿಸಿದರು. ಅದಕ್ಕೆ ಮುಂಚೆ ರೋಗ ತೀರಾ ಹೆಚ್ಚಾದವರಿಗೆ ಕತ್ತಿನಲ್ಲಿ ತೂತು ಕೊರೆದು ಉಸಿರಿನ ದಾರಿ ಮಾಡುತ್ತಿದ್ದರಂತೆ.

ಇಷ್ಟು ತಿಳಿದವಳು ನಾನು ಮಾಡಿದ್ದೇನು? ಮೂಗಿಗೆ ಮುಸುಕು, ತಲೆಗೆ ಪಟ್ಟಿ, ಮುಂದೆ ಸೊಂಡಿಲು. ಕನ್ನಡಿಯಲ್ಲಿ ನೋಡಿಕೊಂಡು ನನಗೇ ನಾಚಿಕೆಯಾಯಿತು. ಮದುವೆಯಾದಾಗಿನಿಂದ ತೆಗೆಯದ ಮೂಗುಬೊಟ್ಟು ಒತ್ತಿ ನೋವಾಯಿತು. ಅದನ್ನು ತೆಗೆದಿಡಲು ಮನಸ್ಸು ಒಪ್ಪಲಿಲ್ಲ. ಗಾಳಿ ಸೋರಿ ಕಣ್ಣಿಗೆ ಹೊಡೆಯಿತು, ಬಾಯಿ ಒಣಗಿತು, ನಡುರಾತ್ರಿ ಕರೆಂಟು ಹೋದಾಗ ಉಸಿರು ಕಟ್ಟಿದಂತಾಗಿ ಕಿತ್ತೆಸೆದೆ. ಆಮೇಲೆ ಹನ್ನೊಂದು ರಾತ್ರಿ ಯಂತ್ರವನ್ನು ಮುಟ್ಟಲೇ ಇಲ್ಲ. ಡಾಕ್ಟರಿಗೆ ಫೋನಿನಲ್ಲಿ "ದಿನಾ ಹಾಕ್ಕೋತಿದ್ದೀನಿ ಸಾರ್" ಎಂದೆ.

ಹನ್ನೊಂದನೆಯ ದಿನ ನಮ್ಮವರ ಸ್ಕೂಟರಿನ ಹಿಂದೆ ಕೂತಿದ್ದವಳು ತೂಕಡಿಸಿ ಪಕ್ಕಕ್ಕೆ ವಾಲಿದೆ. ಸ್ಕೂಟರು ಅಡ್ಡಾಡಿತು, ಹಿಂದೆ ಬರುತ್ತಿದ್ದ ಲಾರಿ ಹಾರನ್ನು ಹೊಡೆದುಕೊಂಡು ಪಕ್ಕದಲ್ಲೇ ದಾಟಿ ಹೋಯಿತು. ರಸ್ತೆಯಂಚಿಗೆ ನಿಲ್ಲಿಸಿದ ಮೇಲೂ ಅವರ ಕೈ ನಡುಗುತ್ತಿತ್ತು. ಒಂದು ಬೈಗುಳವನ್ನೂ ಆಡಲಿಲ್ಲ. ಮುಂದಿನ ವಾರ ಡಾಕ್ಟರು ಯಂತ್ರದ ಲೆಕ್ಕ ತೆಗೆದು, ಯಾವ ರಾತ್ರಿ ಎಷ್ಟು ಗಂಟೆ ಎಂಬುದನ್ನೆಲ್ಲ ನನಗೆ ತೋರಿಸಿದರು. ಅದು ಬರೆದಿಡುತ್ತದೆಂದು ನನಗೆ ಗೊತ್ತಿರಲಿಲ್ಲ. ಹೋಂವರ್ಕ್ ಮಾಡದೆ ನೋಟ್ಸು ಮರೆತೆನೆಂದು ಸುಳ್ಳು ಹೇಳಿ ಸಿಕ್ಕಿಬಿದ್ದ ಹುಡುಗನ ಹಾಗೆ ನೆಲ ನೋಡುತ್ತ ಕೂತೆ.

ರೋಗ ನನ್ನ ತಪ್ಪಲ್ಲ, ಅದು ಸರಿ. ಆದರೆ ರೋಗವಿದೆ ಎಂದು ತಿಳಿದ ದಿನದಿಂದ ಆ ತೂಕಡಿಕೆ ನನ್ನ ಲೆಕ್ಕಕ್ಕೆ ಸೇರಿತು. ಅದರಡಿಗೆ ಸಿಕ್ಕಿಕೊಳ್ಳಬಹುದಾಗಿದ್ದವರು ನಮ್ಮವರು. ಗೊತ್ತಿಲ್ಲದಾಗ ಮಾಡಿದ್ದಕ್ಕೂ ಗೊತ್ತಾದ ಮೇಲೆ ಮಾಡಿದ್ದಕ್ಕೂ ನಡುವೆ ಗೆರೆ ಇದೆಯೆಂದು ನಾನು ಅಂದು ಕಂಡುಕೊಂಡೆ. ಆ ಹುಡುಗಿಯ ವಿಷಯದಲ್ಲಿ ಮಾತ್ರ ನನಗೆ "ಗೊತ್ತಿರಲಿಲ್ಲ" ಎನ್ನುವ ಆಸರೆಯೂ ಇಲ್ಲ. ದಿನಾ ಹೂ ಕೊಳ್ಳುತ್ತಿದ್ದೆ. ಕೇಳಿದ್ದರೆ ಗೊತ್ತಾಗುತ್ತಿತ್ತು.

ಆ ರಾತ್ರಿಯೇ ಮೂಗುಬೊಟ್ಟು ಬಿಚ್ಚಿ ದೇವರ ಮನೆಯ ಕುಂಕುಮದ ಭರಣಿಯಲ್ಲಿಟ್ಟೆ. ಬೆಳಗ್ಗೆ ಹಾಕಿಕೊಳ್ಳುವುದು, ರಾತ್ರಿ ತೆಗೆಯುವುದು. ಯಂತ್ರಕ್ಕೆ ಯುಪಿಎಸ್ ಹಾಕಿಸಿದೆವು. ಮೊದಲು ಟಿ.ವಿ. ನೋಡುತ್ತ ಅರ್ಧ ಗಂಟೆ ಮುಸುಕು ಹಾಕಿಕೊಂಡು ಕೂರುವ ಅಭ್ಯಾಸ, ಆಮೇಲೆ ಎರಡು ಗಂಟೆ, ಆಮೇಲೆ ನಾಲ್ಕು. ಒಂದು ಬೆಳಗ್ಗೆ ಎದ್ದಾಗ ತಲೆ ಹಗುರಾಗಿತ್ತು. ನಡುಮನೆಯ ಹಾಸಿಗೆ ಮತ್ತೆ ಕೋಣೆಗೆ ಬಂದಿದೆ. "ಮಳೆ ದೂರದಲ್ಲಿ ಸುರಿದ ಹಾಗೆ ಕೇಳುತ್ತೆ, ನಿದ್ದೆ ಬರುತ್ತೆ" ಎನ್ನುತ್ತಾರೆ ನಮ್ಮವರು.

ಆ ಹುಡುಗಿ ಈಗ ತಾಯಿಯ ಜಾಗದಲ್ಲೇ ಕೂತು ಹೂ ಮಾರುತ್ತಾಳೆ. ಒಂದು ಸಂಜೆ ಧೈರ್ಯ ಮಾಡಿ ಹೋದೆ. "ನಿನಗೆ ಕ್ಲಾಸಿನಲ್ಲಿ ಒಂದು ಹೆಸರಿಟ್ಟಿದ್ದೆ ಕಣಮ್ಮ, ತಪ್ಪಾಯಿತು" ಎಂದೆ. ಕಟ್ಟುತ್ತಿದ್ದ ಕೈ ನಿಲ್ಲಲಿಲ್ಲ. "ಅದಕ್ಕೇ ಮೇಡಮ್, ನಾನು ಹತ್ತನೇ ಕ್ಲಾಸಿಗೆ ಬರಲಿಲ್ಲ. ಅದೊಂದಕ್ಕೇ ಅಂತಲ್ಲ, ಮನೇಲೂ ಕಷ್ಟ ಇತ್ತು. ಅದೂ ಒಂದು" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಎಷ್ಟು ಮೊಳ ಕೊಡಲಿ?" ಎಂದಳು. ಎರಡು ಮೊಳ ತೆಗೆದುಕೊಂಡು ಬಂದೆ. ಮುಡಿಯಲಾಗಲಿಲ್ಲ, ದೇವರಿಗೆ ಏರಿಸಿದೆ.

ಕಳೆದ ತಿಂಗಳು ಎಂಟನೇ ತರಗತಿಯಲ್ಲಿ ಒಬ್ಬ ಹುಡುಗ ಡೆಸ್ಕಿಗೆ ತಲೆಯಿಟ್ಟು ನಿದ್ದೆ ಹೋದ. ಪಕ್ಕದವರು ತಿವಿದು ನಗತೊಡಗಿದರು. ಸುಮ್ಮನಿರಿ ಎಂದು ಪಾಠ ಮುಂದುವರಿಸಿದೆ. ಗಂಟೆ ಹೊಡೆದ ಮೇಲೆ ಹೊರಗೆ ಕರೆದು ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆಯೆಂದು ಕೇಳಿದೆ. ಅಪ್ಪನ ಮೊಬೈಲಿನಲ್ಲಿ ಎರಡು ಗಂಟೆಯವರೆಗೆ ಆಟ ಆಡಿದ್ದನಂತೆ! ಚೆನ್ನಾಗಿ ಬೈದೆ. ತಂದೆಯನ್ನೂ ಕರೆಸಿದೆ. ಹೆಸರು ಮಾತ್ರ ಇಡಲಿಲ್ಲ.